ಹಳ್ಳದ ಹಸಿರು ರೆಕ್ಕೆ

ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಳದ ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಯನ್ನು ನೋಡದವರಿಲ್ಲ. ಅದರ ಹತ್ತಿರದ ಬಂಧುವೊಂದು ಪಶ್ಚಿಮಘಟ್ಟದ ಕಾಡಿನ ಹಳ್ಳಗಳಲ್ಲಿ ವಾಸಿಸುತ್ತದೆ. ಹೆಸರು ‘ಸ್ಟ್ರೀಮ್ ಗ್ಲೋರಿ’. ಸಕಲೇಶಪುರದ ಕಡೆಯ ಒಂದು ಹಳ್ಳದಲ್ಲಿ ನಾನದನ್ನು ಕಂಡಿದ್ದೇನೆ. ಬಂಡೆಯ ಮೇಲೆ ರೆಕ್ಕೆ ಮಡಚಿ ಕೂತಾಗ ಗಂಡು ಬರೀ ಒಣಕಡ್ಡಿಯಂತೆ ಕಾಣುತ್ತದೆ. ಹಾರಿದೊಡನೆ ಹಿಂದಿನ ರೆಕ್ಕೆಗಳು ಲೋಹದ ಹಾಗೆ ಹಸಿರಾಗಿ ಹೊಳೆಯುತ್ತವೆ. ಅದು ಬಳಿದ ಬಣ್ಣವಲ್ಲ, ರೆಕ್ಕೆಯ ಸೂಕ್ಷ್ಮ ಪದರಗಳು ಬೆಳಕಿನಿಂದ ಮೂಡಿಸುವ ಬಣ್ಣ. 1758ರಲ್ಲಿ ಲಿನೇಯಸ್ ಇದಕ್ಕೆ ಚೀನಾದ ಹೆಸರನ್ನಿಟ್ಟರು. ಈ ಜೀವಕ್ಕೆ ಪಾಸ್‌ಪೋರ್ಟಿನ ಹಂಗಿಲ್ಲ. ಅದು ನಮ್ಮ ಘಟ್ಟದ್ದೂ ಹೌದು.

ಹೆಣ್ಣು ನೀರಿನ ಗಿಡಗಳಲ್ಲಿ ಮೊಟ್ಟೆಯಿಡುತ್ತದೆ. ಮರಿ ಬೆಳೆಯುವುದು ಹರಿಯುವ ನೀರಿನೊಳಗೇ, ಉಸಿರಾಡುವುದು ಆ ನೀರಲ್ಲಿ ಕರಗಿದ ಗಾಳಿಯನ್ನೇ. ಬಂಡೆಗೆ ಬಡಿದು ನೊರೆಯೇಳುವ ತಂಪು ನೀರಲ್ಲಿ ಆ ಗಾಳಿ ಹೆಚ್ಚು. ನಿಂತು ಬಿಸಿಯಾದ ನೀರಲ್ಲಿ ಕಡಿಮೆ. ಅಂದರೆ ಅದರ ಬದುಕಿಗೆ ನೀರು ಇದ್ದರಷ್ಟೇ ಸಾಲದು, ಹರಿಯಬೇಕು. ಮೇಲೆ ಮರದ ನೆರಳೂ ಬೇಕು.

ಇದೇ ಸೀಮೆಯ ಹಳ್ಳಗಳಿಂದ 24.01 ಟಿಎಂಸಿ ನೀರೆತ್ತುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಅಡಿಗಲ್ಲು ಬಿತ್ತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ತಣಿಸುವುದು ಅದರ ಗುರಿ. ಕೋಲಾರದಲ್ಲಿ ನನ್ನ ನೆಂಟರಿದ್ದಾರೆ. ಅಲ್ಲಿ ಮದುವೆಗೆ ಹೋದವರು ಬಿರಿಯಾನಿಗಿಂತ ಮೊದಲು ಟ್ಯಾಂಕರ್ ಬಂತೇ ಎಂದು ವಿಚಾರಿಸುತ್ತಾರೆ. ಕೊಡ ಹಿಡಿದು ಕಾಯುವ ಖಾಲಾಜಾನ್ ಮುಂದೆ ನಿಂತು, ಒಂದು ಹುಳಕ್ಕಾಗಿ ನಿಮಗೆ ನೀರು ಬೇಡ ಎನ್ನಲು ಯಾರಿಗೂ ನಾಲಿಗೆ ಬರಲಾರದು. ನನಗಂತೂ ಬರುವುದಿಲ್ಲ.

ಆದರೆ ‘ಮಳೆಗಾಲದ ಹೆಚ್ಚುವರಿ ನೀರು’ ಎಂಬ ಮಾತು ನನ್ನನ್ನು ಕಾಡುತ್ತದೆ. ಯಾರಿಗೆ ಹೆಚ್ಚಾದ ನೀರು? ಆ ಲೆಕ್ಕ ಬರೆದವರು ಹಳ್ಳದ ಮರಿಗಳನ್ನು, ಕೆಳಗಿನ ಮೀನುಗಾರರನ್ನು, ಸಮುದ್ರವನ್ನು ಪಾಲುದಾರರೆಂದು ಎಣಿಸಿದರೇ? ಹರಿಯುವ ಹೊಳೆಯ ದಡದಲ್ಲಿ ಕೂತು ವುಝೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದೆಂದು ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಹೊಳೆ ತುಂಬಿದ್ದರೂ ಅದರಲ್ಲಿ ಬೇರೆಯವರ ಹಕ್ಕಿದೆ ಎಂಬುದೇ ಆ ಪಾಠದ ತಿರುಳು ಎಂದುಕೊಂಡಿದ್ದೇನೆ.

ಹಳ್ಳದ ಪಾಲನ್ನು ಹಳ್ಳದಲ್ಲೇ ಬಿಟ್ಟು ಉಳಿದದ್ದನ್ನು ಕೊಂಡೊಯ್ಯಲಿ. ಜೊತೆಗೆ ಕೋಲಾರದ ಹಿರಿಯರು ಕಟ್ಟಿಸಿದ ಕೆರೆಗಳ ಹೂಳು ತೆಗೆಯಲಿ, ಒತ್ತುವರಿ ಬಿಡಿಸಲಿ. ಖಾಲಾಜಾನ್ ಕೊಡಕ್ಕೆ ಬೀಳಬೇಕಾದ ಮೊದಲ ನೀರು ಅವರ ಊರಿನ ಮೇಲೆಯೇ ಸುರಿಯುವ ಮಳೆಯದು.