ಹಗೇವಿನ ಬಾಯಿ ತೆರೆದಾಗ

ಹಳೆಯ ಮೈಸೂರು ಸೀಮೆಯ ರೈತರು ರಾಗಿಯನ್ನು ಹಗೇವಿಗೆ ಸುರಿದು ಬಾಯಿ ಮುಚ್ಚಿಬಿಡುತ್ತಿದ್ದರು. ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತೆಂಬುದು ನಿಜ. ಆದರೆ ಒಳಗಿನದು ಎಂಥದೆಂಬುದು ತೆರೆದ ದಿನವೇ ತಿಳಿಯಬೇಕು. ವಿಜ್ಞಾನಿಗಳ ದತ್ತಾಂಶದ ಗತಿಯೂ ಬಹುಕಾಲ ಇದೇ ಆಗಿತ್ತು. ಪ್ರಬಂಧವೇನೋ ಪತ್ರಿಕೆಯಲ್ಲಿ ಬೆಳಕು ಕಾಣುತ್ತಿತ್ತು. ಅದಕ್ಕೆ ಆಧಾರವಾದ ಅಳತೆಗಳು ಅಳೆದವರ ಬಳಿಯೇ ಕತ್ತಲೆಯಲ್ಲಿ ಉಳಿಯುತ್ತಿದ್ದವು.

ಅದೇ ಸೀಮೆಯ ವೈಟ್‌ಫೀಲ್ಡಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಸಂಸ್ಥೆಯಿದೆ. 2002ರಲ್ಲಿ ಅದನ್ನು ಸ್ಥಾಪಿಸಿದವರು ಅಖಿಲೇಶ್ ಪಾಂಡೆಯವರು. ಅಲ್ಲಿಯ ತರುಣ ಜೀವವಿಜ್ಞಾನಿಗಳು ಲೋಕದ ಪ್ರಬಂಧಗಳನ್ನು ಒಂದೊಂದಾಗಿ ಓದಿ, ಮನುಷ್ಯದೇಹದ ಪ್ರೋಟೀನುಗಳ ವಿವರವನ್ನು ಒಂದು ಕೋಶದಲ್ಲಿ ಕ್ರೋಡೀಕರಿಸಿದರು. ಗಣಕಯಂತ್ರಗಳ ಊರೆಂದು ಹೆಸರಾದೆಡೆ ಹೀಗೆ ಕಣ್ಣು ನೋಯಿಸಿಕೊಂಡು ಮಾಡಿದ ಕೆಲಸವನ್ನು ಬಲ್ಲವರು ಬೆಂಗಳೂರಿನಲ್ಲಿಯೇ ವಿರಳ. 2008ರಲ್ಲಿ ಪ್ರಕಟವಾದ ‘ಹ್ಯೂಮನ್ ಪ್ರೋಟೀನ್‌ಪೀಡಿಯಾ’ಕ್ಕೆ ಅನೇಕ ಪ್ರಯೋಗಶಾಲೆಗಳು ತಮ್ಮ ಅಳತೆಗಳನ್ನು ತಾವೇ ತಂದು ಒಪ್ಪಿಸಿದವು.

2014ರಲ್ಲಿ ಪಾಂಡೆಯವರ ಬಳಗವು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದೊಡಗೂಡಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಪರೀಕ್ಷಿಸಿದ್ದು 30 ಬಗೆಯ ಅಂಗಾಂಶ ಮತ್ತು ಜೀವಕೋಶಗಳನ್ನು. ಗುರುತಿಸಿದ್ದು 17,294 ಜೀನುಗಳ ಪ್ರೋಟೀನುಗಳನ್ನು. ಅಳತೆಗಳನ್ನೆಲ್ಲ ‘ಪ್ರೋಟಿಯೋಮ್‌ಎಕ್ಸ್‌ಚೇಂಜ್’ ಕೂಟಕ್ಕೆ ಒಪ್ಪಿಸಲಾಯಿತು. ಇದು ಭಂಡಾರಗಳ ಒಕ್ಕೂಟ. ಇಂಗ್ಲೆಂಡಿನ ಪ್ರೈಡ್, ಅಮೆರಿಕದ ಪೆಪ್ಟೈಡ್‌ಅಟ್ಲಾಸ್, ಜಪಾನಿನ ಜೆಪೋಸ್ಟ್ ಮೊದಲಾದವು ಅದರ ಸದಸ್ಯರು. ಯಾವ ಬಾಗಿಲಲ್ಲಿ ಒಪ್ಪಿಸಿದರೂ ಕಂತೆಗೆ ಒಂದೇ ಕ್ರಮದ ಸಂಖ್ಯೆ, ಎಲ್ಲರಿಗೂ ಒಂದೇ ಡಂಗುರ. ಇಂಥ ಕೂಟ ಬೇಕೇ ಎನ್ನುವವರು ಅಮೆರಿಕದ ‘ಪೆಪ್ಟಿಡೋಮ್’ ಭಂಡಾರವನ್ನು ನೆನೆಯಬಹುದು. 2011ರಲ್ಲಿ ಅದನ್ನು ಮುಚ್ಚುವ ಗಳಿಗೆ ಬಂದಾಗ ಅಲ್ಲಿದ್ದುದನ್ನು ಪ್ರೈಡ್ ತನ್ನ ಮಡಿಲಿಗೆ ಹಾಕಿಕೊಂಡಿತು. ಇಲ್ಲವಾದರೆ ಎಷ್ಟೋ ಜನರ ದುಡಿಮೆ ಮಣ್ಣುಪಾಲಾಗುತ್ತಿತ್ತು.

ಸ್ವಾರಸ್ಯವಿರುವುದು ಇದರ ಮುಂದೆ. ಅದೇ ವರ್ಷ ಸ್ಪೇನಿನ ಸಂಶೋಧಕರು ಈ ನಕ್ಷೆಯನ್ನೂ, ಜೊತೆಯಲ್ಲಿಯೇ ಪ್ರಕಟವಾದ ಜರ್ಮನಿಯ ನಕ್ಷೆಯನ್ನೂ ಒರೆಗೆ ಹಚ್ಚಿದರು. ವಾಸನೆಯನ್ನು ಗ್ರಹಿಸುವ ಪ್ರೋಟೀನುಗಳು ಎರಡರಲ್ಲಿಯೂ ಕಾಣಿಸಿಕೊಂಡಿದ್ದವು. ಆದರೆ ಮೂಗಿನ ಅಂಗಾಂಶವನ್ನು ಯಾರೂ ಪರೀಕ್ಷಿಸಿಯೇ ಇರಲಿಲ್ಲ! ಆ ಗುರುತುಗಳು ನಂಬಲರ್ಹವಲ್ಲವೆಂದು ಅವರು ಸಾರಿದರು. ಬಾಯಿ ಮುಚ್ಚಿದ ಹಗೇವಾಗಿದ್ದರೆ ಆ ಜೊಳ್ಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಪ್ಪಿಸಿದವರ ಮರ್ಯಾದೆಯೂ ಕ್ಷೇಮವಾಗಿರುತ್ತಿತ್ತು. ದತ್ತಾಂಶವನ್ನು ಹಂಚಿಕೊಳ್ಳಲು ಹಲವರು ಹಿಂಜರಿಯುವುದು ಜಿಪುಣತನದಿಂದಲ್ಲ, ಈ ಭಯದಿಂದ.

ಹಾಗೆಂದು ರಾಶಿಯನ್ನು ಯಾರೂ ತಿಪ್ಪೆಗೆ ಎಸೆಯಲಿಲ್ಲ. 2016ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಅದೇ ಅಳತೆಗಳನ್ನೂ ಸೇರಿಸಿಕೊಂಡು ಇನ್ನಷ್ಟು ಸಣ್ಣ ಕಣ್ಣಿನ ಜರಡಿ ಹಿಡಿದರು. ಮಾನವ ಜೀನುಗಳ ಪಟ್ಟಿಯಲ್ಲಿ ಅದುವರೆಗೆ ಇಲ್ಲದಿದ್ದ ಕೆಲವು ಹೆಸರುಗಳು ಆಗ ಅದಕ್ಕೆ ಸೇರಿದವು.