ತೀರ್ಥದ ಚಿಪ್ಪಿನೊಳಗೆ ಯಾರಿದ್ದರು?



ನಮ್ಮ ದೇವಾಲಯದ ಬಾಗಿಲ ಬಳಿ ತೀರ್ಥಕ್ಕೆಂದು ಇಟ್ಟಿದ್ದ ಒಂದು ಚಿಪ್ಪಿನ ಕಥೆಯಿದು. ಗೇಣುದ್ದದ ಬಿಳಿ ಚಿಪ್ಪು, ಅಂಚು ಅಲೆ ಅಲೆಯಾಗಿತ್ತು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಅಡುಗೆ ಕೆಲಸ ಮಾಡುವ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಮೊಮ್ಮಗಳ ದೀಕ್ಷಾಸ್ನಾನದ ದಿನ ಅದನ್ನು ತಂದುಕೊಟ್ಟಿದ್ದರು. "ದ್ವೀಪದ ಹೊಯಿಗೆಯಲ್ಲಿ ಸಿಕ್ಕಿದ್ದು ಫಾದರ್, ದೇವರ ಕೆಲಸಕ್ಕಾಗಲಿ" ಎಂದರು. ಅದೇ ಚಿಪ್ಪಿನಿಂದ ಮಗುವಿನ ತಲೆಗೆ ನೀರೆರೆದೆವು. ಪ್ಯಾರಿಸಿನ ಸೇಂಟ್ ಸುಲ್ಪೀಸ್ ದೇವಾಲಯದ ಚಿತ್ರ ನಮಗೆ ನೆನಪಾಯಿತು. ವೆನಿಸ್ ಗಣರಾಜ್ಯವು ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸನಿಗೆ ಕೊಟ್ಟ ಎರಡು ಭಾರೀ ಚಿಪ್ಪುಗಳು ಅಲ್ಲಿ ತೀರ್ಥದ ಬೋಗುಣಿಗಳಾಗಿವೆ. ಫ್ರೆಂಚರು ಈ ಕುಲದ ಮರುವಾಯಿಗೆ ಇಟ್ಟ ಹೆಸರೇ 'ಬೆನಿತಿಯೇ', ಅಂದರೆ ತೀರ್ಥದ ಬೋಗುಣಿ. ನಮ್ಮದು ಅವುಗಳ ಬಡ ತಮ್ಮ.

ಒಂದು ಭಾನುವಾರ ಧರ್ಮೋಪದೇಶ ತರಗತಿಯ ಪುಟ್ಟ ಹುಡುಗಿಯೊಬ್ಬಳು ಬೆರಳು ಅದ್ದಿ ನಿಂತವಳು, "ಫಾದರ್, ಇದರ ಒಳಗೆ ಮೊದಲು ಯಾರಿದ್ದದ್ದು?" ಎಂದಳು.

"ಮರುವಾಯಿ" ಎಂದೆವು.

"ಅದು ಏನು ತಿಂತಿತ್ತು?"

ಮರುವಾಯಿ ಸುಕ್ಕ ತಿನ್ನುವುದರಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಮರುವಾಯಿ ಏನು ತಿನ್ನುತ್ತದೆಂದು ಮಾತ್ರ ಇಷ್ಟು ವರ್ಷ ಕೇಳಿಕೊಂಡವರಲ್ಲ. "ಮುಂದಿನ ವಾರ ಹೇಳುತ್ತೇವೆ" ಎಂದು ತಪ್ಪಿಸಿಕೊಂಡು ಪುಸ್ತಕ ಹುಡುಕಿದೆವು.

ಇದರ ಹೆಸರು ಟ್ರೈಡಾಕ್ನಾ ಮ್ಯಾಕ್ಸಿಮಾ. ಲ್ಯಾಟಿನ್ನಿನಲ್ಲಿ ಮ್ಯಾಕ್ಸಿಮಾ ಎಂದರೆ ಅತಿ ದೊಡ್ಡದು. ಇಂಗ್ಲಿಷಿನವರು ಇದನ್ನೇ 'ಸ್ಮಾಲ್ ಜಯಂಟ್ ಕ್ಲ್ಯಾಮ್', ಚಿಕ್ಕ ದೈತ್ಯ, ಎನ್ನುತ್ತಾರೆ. ಸೆಮಿನರಿಯಲ್ಲಿ ಲ್ಯಾಟಿನ್ ಕಲಿಸಿದ ಗುರುಗಳು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ನಮ್ಮ ಹೊಳೆಬಾಯಿಯ ಮರುವಾಯಿ ಕೆಸರುನೀರನ್ನು ಸೋಸಿ ಹೊಟ್ಟೆ ಹೊರೆಯುತ್ತದೆ. ಇದೂ ನೀರು ಸೋಸುವುದುಂಟು. ಆದರೆ ಹವಳದ ನಡುವಿನ ನೀರು ಗಾಜಿನಂತೆ ತಿಳಿ, ಅದರಲ್ಲಿ ತಿನ್ನಲು ಸಿಗುವುದು ಕಡಿಮೆ. ಆದ್ದರಿಂದ ಇದು ಮನೆಯೊಳಗೆ ಪಾಚಿಯನ್ನು ಇಟ್ಟುಕೊಂಡಿದೆ. ಬಾವಿಕಟ್ಟೆಯಲ್ಲಿ ನಮ್ಮನ್ನು ಜಾರಿಸಿ ಬೀಳಿಸುವ ಪಾಚಿಯಲ್ಲ. ಒಂದೇ ಕೋಶದ, ಬರಿಗಣ್ಣಿಗೆ ಕಾಣದ ಕಂದು ಪಾಚಿ. ಹೊಟ್ಟೆಯಿಂದ ಹೊರಟ ಸಣ್ಣ ಸಣ್ಣ ನಾಳಗಳು ತುಟಿಯಂಥ ಮಾಂಸದಲ್ಲಿ ಹರಡಿಕೊಂಡಿವೆ, ಅವುಗಳಲ್ಲಿ ಈ ಪಾಚಿಯ ವಾಸ. ಹಗಲು ಚಿಪ್ಪು ತೆರೆದು ಆ ತುಟಿಯನ್ನು ಬಿಸಿಲಿಗೆ ಹಾಸಬೇಕು. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದರಲ್ಲಿ ಒಂದು ಪಾಲನ್ನು ಬಿಟ್ಟುಕೊಡುತ್ತದೆ. ಮರುವಾಯಿ ತನಗೆ ಬೇಡವಾದ ಅಮೋನಿಯವನ್ನೂ ಇಂಗಾಲದ ಡೈಆಕ್ಸೈಡನ್ನೂ ಪಾಚಿಗೆ ಗೊಬ್ಬರವಾಗಿ ಕೊಡುತ್ತದೆ.

1928-29ರಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ಹವಳದ ದಿಬ್ಬದಲ್ಲಿ ಈ ಕುಲವನ್ನು ಅಭ್ಯಾಸ ಮಾಡಿದ ಸಿ. ಎಂ. ಯಂಗ್ ಎಂಬ ವಿಜ್ಞಾನಿ, ರೈತ ಬೆಳೆ ಕೊಯ್ಯುವಂತೆ ಮರುವಾಯಿ ಪಾಚಿಯನ್ನು ಬೆಳೆಸಿ ತಿನ್ನುತ್ತದೆಂದು ತಿಳಿದಿದ್ದರು. ಜೀವಂತ ಪಾಚಿಯೇ ಆಹಾರವನ್ನು ಹೊರಗೆ ಬಿಡುತ್ತದೆಂದು ಮಸ್ಕಟೀನ್ ಎಂಬವರು 1967ರಲ್ಲಿ ತೋರಿಸಿದರು. ನಮ್ಮನ್ನು ಹೆಚ್ಚು ತಟ್ಟಿದ್ದು ಬೇರೆ ಸಂಗತಿ. ಈ ಪಾಚಿ ತಾಯಿಯಿಂದ ಮರಿಗೆ ಬರುವುದಿಲ್ಲ. ಪ್ರತಿ ಮರಿಯೂ ಸಮುದ್ರದ ನೀರಿನಿಂದಲೇ ತನ್ನ ಪಾಲಿನ ಪಾಚಿಯನ್ನು ನುಂಗಿ ಸಂಪಾದಿಸಬೇಕು. ನೀರು ತೀರಾ ಕಾದರೆ ಪಾಚಿ ಹೊರಬೀಳುತ್ತದೆ, ಮರುವಾಯಿ ಬಿಳಿಚಿ ಸೊರಗುತ್ತದೆ. ಇಂಥದೇ ಪಾಚಿಯನ್ನು ನಂಬಿರುವ ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಹೀಗೆ ಬಿಳಿಚಿಕೊಂಡವು.

ಓದುತ್ತಾ ಹೋದಂತೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ನಮ್ಮ ದೇಶದ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿ, ಹುಲಿ ಆನೆಗಳ ಜೊತೆ, 2001ರಲ್ಲಿ ಈ ಮರುವಾಯಿಯ ಹೆಸರೂ ಸೇರಿತ್ತು. ಅದರ ಚಿಪ್ಪನ್ನು ಇಟ್ಟುಕೊಳ್ಳುವಂತಿಲ್ಲ. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಕಾಯಿದೆಯ ಭಯಕ್ಕಿಂತ, ಹಿರಿಯರಿಗೆ ಹೇಗೆ ಹೇಳುವುದೆಂಬ ಚಿಂತೆ. ಸುಮ್ಮನೆ ಬೀರುವಿನಲ್ಲಿಟ್ಟು ಬೀಗ ಹಾಕಿದರಾಯಿತು ಎಂಬ ಯೋಚನೆಯೂ ಬಂದಿತ್ತು, ಮುಚ್ಚಿಡುವುದಿಲ್ಲ.

ಕೊನೆಗೆ ಕರೆದು ಹೇಳಿದೆವು. "ಸತ್ತ ಚಿಪ್ಪಲ್ಲವಾ ಫಾದರ್? ನಾನು ಕೊಂದದ್ದಲ್ಲ" ಎಂದರು. ಅವರು ಕೊಂದದ್ದಲ್ಲವೆಂದು ನಮಗೂ ಗೊತ್ತಿತ್ತು. ಆದರೆ ಸತ್ತ ಚಿಪ್ಪನ್ನೂ ಇಟ್ಟುಕೊಳ್ಳುವಂತಿಲ್ಲವೆಂದು ಹೇಳಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮಗುವಿನ ದೀಕ್ಷಾಸ್ನಾನ?" ಎಂದರು. ನೀರಿಗೂ ವಚನಕ್ಕೂ ಏನೂ ಕೊರತೆಯಾಗಿಲ್ಲ, ಚಿಪ್ಪು ಬರೀ ಪಾತ್ರೆ ಎಂದೆವು. ತಲೆಯಾಡಿಸಿದರು. ಚಿಪ್ಪನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಲು ನಾವು ಹೋದಾಗ ಅವರು ಜೊತೆಗೆ ಬರಲಿಲ್ಲ. ಮುಂದಿನ ಎರಡು ಭಾನುವಾರ ಕೊನೆಯ ಬೆಂಚಿನಲ್ಲಿ ಕೂತು, ಬಲಿಪೂಜೆ ಮುಗಿದೊಡನೆ ಹೊರಟುಹೋದರು.

ಈಗ ಬಾಗಿಲ ಬಳಿ ಸ್ಟೀಲಿನ ಬೋಗುಣಿ ಇದೆ. ಹುಡುಗಿಗೆ ಉತ್ತರ ಹೇಳಿದ್ದಾಯಿತು. ಅವಳಿಗೆ ಸ್ಟೀಲು ಹಿಡಿಸಿಲ್ಲ.

ಕಳೆದ ತಿಂಗಳು ಹಿರಿಯರು ರಜೆಗೆ ಬಂದವರು ನೇರವಾಗಿ ನಮ್ಮ ಕೋಣೆಗೇ ಬಂದರು. "ಈ ಸಲ ಇಳಿತದ ಹೊತ್ತಿಗೆ ಹವಳದ ಬಂಡೆಯ ಕಡೆ ಹೋಗಿ ನೋಡಿದೆ ಫಾದರ್. ಒಂದು ಬಾಯಿ ಬಿಟ್ಟುಕೊಂಡಿತ್ತು. ನೀಲಿ ಎಂದರೆ ನೀಲಿ, ನವಿಲಿನ ಕುತ್ತಿಗೆಯ ಹಾಗೆ. ನನ್ನ ನೆರಳು ಬಿದ್ದದ್ದೇ ತಡ, ಒಳಗೆ ಎಳೆದುಕೊಂಡಿತು" ಎಂದರು. ಮತ್ತೆ, "ನಾನು ಸ್ವಲ್ಪ ಈಚೆ ಸರಿದು ನಿಂತೆ. ತುಂಬಾ ಹೊತ್ತಿನ ಮೇಲೆ ಪುನಃ ತೆರೆಯಿತು."