32 ಓಮಿನ ಜಾತಕ

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆಯ ಪಡಸಾಲೆಯಲ್ಲಿ ಆ ಭಾನುವಾರ ಬೆಳಿಗ್ಗೆ ಸಣ್ಣದೊಂದು ನ್ಯಾಯಪಂಚಾಯಿತಿ ನಡೆಯಿತು. ಫಿರ್ಯಾದಿ, ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವ ಮೊಮ್ಮಗ. ಎದುರು ವಾದ ಅವನ ತಾಯಿಯದು. ನ್ಯಾಯಾಧೀಶರು, ಕಿಟಕಿಯ ಪಕ್ಕದ ಒರಗುಕುರ್ಚಿಯಲ್ಲಿ ಕುಳಿತಿದ್ದ 78 ವರ್ಷದ ತಾತ. ವ್ಯಾಜ್ಯಕ್ಕೆ ಕಾರಣ ಒಂದು ಟ್ಯೂಬ್ ಆಂಪ್ಲಿಫೈಯರ್.

ಹುಡುಗ ಒಂದು ವರ್ಷ ಅಕ್ಕಪಕ್ಕದ ಮನೆಯ ಮಕ್ಕಳಿಗೆ ಗಣಿತದ ಪಾಠ ಹೇಳಿ 18 ಸಾವಿರ ರೂಪಾಯಿ ಕೂಡಿಸಿದ್ದ. ಚಿಕ್ಕಪ್ಪ ಕೊಡಿಸಿದ್ದ ಒಳ್ಳೆಯ ಹೆಡ್‌ಫೋನ್ ಅವನ ಬಳಿ ಇತ್ತು. ಅದಕ್ಕೊಂದು ಟ್ಯೂಬ್ ಆಂಪ್ಲಿಫೈಯರ್ ಜೋಡಿಸಬೇಕು, ಮೊಬೈಲಿನ ಹಾಡನ್ನು ಹಳೆಯ ಕಾಲದ ಇಂಪಿನಲ್ಲಿ ಕೇಳಬೇಕು ಎಂಬುದು ಅವನ ಬಹುದಿನದ ಆಸೆ. ಗಾಜಿನ ಬುರುಡೆಗಳು ಹೊಂಬಣ್ಣದಲ್ಲಿ ಹೊಳೆಯುತ್ತಿದ್ದ ಚಿತ್ರವನ್ನು ಮೂರು ತಿಂಗಳಿಂದ ನೋಡಿ ನೋಡಿ ಮನಸೋತಿದ್ದ. ಬೆಲೆ ಸರಿಯಾಗಿ ಅವನ ಗಂಟಿನಷ್ಟೇ ಇತ್ತು.

“ಮಾವ, ನೀವಾದರೂ ಹೇಳಿ. ಮುಂದಿನ ವರ್ಷದ ಫೀಸಿಗೆ ಇಟ್ಟುಕೋ ಅಂದರೆ ಗಾಜಿನ ಬುರುಡೆಗೆ ಸುರಿಯುತ್ತೀನಿ ಅಂತಾನೆ,” ಎಂದರು ತಾಯಿ.

ತಾತ ಬೇರೆ ಯಾರಾಗಿದ್ದರೂ ತೀರ್ಪು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಮೂವತ್ತು ವರ್ಷ ರೇಡಿಯೋ ರಿಪೇರಿ ಅಂಗಡಿ ನಡೆಸಿದವರು. ಹುಡುಗ ಟ್ಯೂಬ್ ಎನ್ನುವುದನ್ನು ಅವರು ವಾಲ್ವ್ ಎನ್ನುತ್ತಾರೆ. ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾದ ನಾಲ್ಕಾರು ವಾಲ್ವುಗಳು ಅವರ ಟ್ರಂಕಿನಲ್ಲಿ ಹತ್ತಿಯ ಮೇಲೆ ಇನ್ನೂ ಮಲಗಿವೆ. ವಾಲ್ವಿನ ಹೆಸರು ಕೇಳಿದೊಡನೆ ಮುದುಕರ ಬೆನ್ನು ನೆಟ್ಟಗಾಯಿತು.

“ನಿನ್ನ ಹೆಡ್‌ಫೋನ್ ಎಷ್ಟು ಓಮಿಂದೋ?”

“32 ಓಮ್, ತಾತ.”

“ಆ ಆಂಪ್ಲಿಫೈಯರಿನ ಹೊರದಾರಿಯ ಇಂಪೆಡೆನ್ಸ್?”

ಹುಡುಗ ತಬ್ಬಿಬ್ಬಾದ. ಬಣ್ಣ, ತೂಕ, ವಾಲ್ವಿನ ನಂಬರು ಎಲ್ಲ ಅವನಿಗೆ ಬಾಯಿಪಾಠ. ಇದೊಂದನ್ನು ನೋಡಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ, ಸುಮಾರು 100 ಓಮ್ ಎಂದ.

“ಹಾಗಾದರೆ ಜಾತಕ ಕೂಡಲಿಲ್ಲ,” ಎಂದರು ತಾತ.

ತಾಯಿ ಗೆದ್ದೆನೆಂದು ಅಡುಗೆಮನೆಗೆ ಹೊರಟರು. ತಾತ ಅವರನ್ನೂ ತಡೆದರು. “ಬೇಡ ಅಂತ ನಾನು ಹೇಳಿಲ್ಲಮ್ಮ. ಕೂಡಲಿಲ್ಲ ಅಂದೆ. ಒಂದು ಕಾಗದ, ಪೆನ್ಸಿಲ್ ಕೊಡು.”

ವಾಲ್ವಿನ ಕಥೆ ಶತಮಾನಕ್ಕಿಂತ ಹಳೆಯದು. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ವಿದ್ಯುದಗ್ರಗಳ ವಾಲ್ವ್ ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಇನ್ನೊಂದು ತಂತಿಯನ್ನು ಇಟ್ಟರು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊಮ್ಮಿ ಎದುರಿನ ತಗಡಿಗೆ ಹರಿಯುತ್ತವೆ. ನಡುವಿನ ತಂತಿಜಾಲ ನಲ್ಲಿಯ ತಿರುಪಿನಂತೆ ಕೆಲಸ ಮಾಡುತ್ತದೆ. ಅದಕ್ಕೆ ಕೊಟ್ಟ ಸಣ್ಣ ಏರಿಳಿತ, ಹರಿವಿನಲ್ಲಿ ದೊಡ್ಡ ಏರಿಳಿತವಾಗುತ್ತದೆ. ವರ್ಧನೆ ಎಂದರೆ ಇಷ್ಟೆ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ವಾಲ್ವುಗಳು ಒಂದೊಂದಾಗಿ ಮನೆ ಬಿಟ್ಟವು. ಆದರೂ ಕೆಲವರಿಗೆ ಅವುಗಳ ಇಂಪೇ ಇಷ್ಟ. ಕಾರಣವೂ ಉಂಟು. ಅನೇಕ ವಾಲ್ವ್ ಆಂಪ್ಲಿಫೈಯರುಗಳು ಮೂಲ ಸ್ವರಕ್ಕೆ ಅದರ ಎರಡರಷ್ಟು ಕಂಪನಾಂಕದ ಸ್ವರವನ್ನು ಒಂದಿಷ್ಟು ಬೆರೆಸುತ್ತವೆ. ಮಧ್ಯ ಷಡ್ಜಕ್ಕೆ ತಾರ ಷಡ್ಜ ಮೆಲ್ಲಗೆ ಸೇರಿದ ಹಾಗೆ. ಲೆಕ್ಕದ ಪ್ರಕಾರ ಅದು ದೋಷ, ಕಿವಿಗೆ ಮಾತ್ರ ಹಿತ.

ಆದರೆ ವಾಲ್ವಿಗೊಂದು ಸ್ವಭಾವವಿದೆ. ವೋಲ್ಟೇಜನ್ನು ಧಾರಾಳವಾಗಿ ಕೊಡುತ್ತದೆ, ಕರೆಂಟನ್ನು ಕೊಡಲು ಕೈ ಹಿಡಿಯುತ್ತದೆ. ಹೆಡ್‌ಫೋನುಗಳಲ್ಲೂ ಎರಡು ಬಗೆ. 300 ಓಮಿನಂಥವು ವೋಲ್ಟೇಜು ಹೆಚ್ಚು ಕೇಳುತ್ತವೆ, ಕರೆಂಟು ಕಡಿಮೆ ಸಾಕು. 32 ಓಮಿನಂಥವು ತದ್ವಿರುದ್ಧ.

ತಾತ ಕಾಗದದ ಮೇಲೆ ಎರಡು ರೋಧಗಳನ್ನು ಸಾಲಾಗಿ ಬರೆದರು. ಪಿಯುಸಿ ವಿದ್ಯಾರ್ಥಿಗಳಿಗೂ ಗೊತ್ತಿರುವ ಚಿತ್ರ ಅದು. ಒಂದು ಆಂಪ್ಲಿಫೈಯರಿನ ಒಳಗಿನ 100 ಓಮ್, ಇನ್ನೊಂದು ಹೆಡ್‌ಫೋನಿನ 32 ಓಮ್. ವೋಲ್ಟೇಜು ಇಬ್ಬರಿಗೂ ರೋಧದ ಪ್ರಮಾಣದಲ್ಲಿ ಹಂಚಿಹೋಗುತ್ತದೆ. 100 ಭಾಗದಲ್ಲಿ ಹೆಡ್‌ಫೋನಿಗೆ ದಕ್ಕುವುದು 24 ಮಾತ್ರ.

“ಅಷ್ಟೇ ತಾನೆ? ವಾಲ್ಯೂಮ್ ಏರಿಸಿದರಾಯಿತು,” ಎಂದ ಹುಡುಗ.

“ಅಲ್ಲೇ ಇರೋದು ನೋಡು ಮೋಸ,” ಎಂದರು ತಾತ.

ಹೆಡ್‌ಫೋನಿನ ಮೇಲೆ ಬರೆದ 32 ಎಲ್ಲ ಸ್ವರಗಳಿಗೂ 32 ಅಲ್ಲ. ಸುರುಳಿ ಇರುವ ಅನೇಕ ಹೆಡ್‌ಫೋನುಗಳಲ್ಲಿ ಅದರ ಪೊರೆ ತಾನಾಗಿ ತೂಗಲು ಇಷ್ಟಪಡುವ ಒಂದು ಮಂದ್ರ ಕಂಪನಾಂಕವಿರುತ್ತದೆ. ಅಲ್ಲಿ ಇಂಪೆಡೆನ್ಸ್ ಗುಡ್ಡದಂತೆ ಏಳುತ್ತದೆ. 32 ಇದ್ದದ್ದು ಅಲ್ಲಿ 100 ಆಯಿತೆನ್ನಿ. ಆಗ ಹೆಡ್‌ಫೋನಿಗೆ ದಕ್ಕುವ ಪಾಲು 24ರಿಂದ 50ಕ್ಕೆ ಜಿಗಿಯುತ್ತದೆ. ಮಿಕ್ಕ ಸ್ವರಗಳಿಗೆ ಹೋಲಿಸಿದರೆ ಆ ಮಂದ್ರ ಸ್ವರಕ್ಕೆ ಎರಡರಷ್ಟು ವೋಲ್ಟೇಜು, ಅಂದರೆ 6 ಡೆಸಿಬೆಲ್ ಹೆಚ್ಚು. ವಾಲ್ಯೂಮ್ ಏರಿಸಿದರೆ ಎರಡೂ ಏರುತ್ತವೆಯೇ ಹೊರತು ಅಂತರ ಅಳಿಯುವುದಿಲ್ಲ. ಅದೇ ಆಂಪ್ಲಿಫೈಯರಿಗೆ 300 ಓಮಿನ ಹೆಡ್‌ಫೋನ್ ಹಾಕಿ, ಅದರ ಇಂಪೆಡೆನ್ಸ್ 500ಕ್ಕೆ ಏರಲಿ. ಪಾಲು 75ರಿಂದ 83ಕ್ಕೆ ಹೋಗುತ್ತದೆ. ವ್ಯತ್ಯಾಸ 1 ಡೆಸಿಬೆಲ್ ಕೂಡ ಇಲ್ಲ.

ಕಾಗದದ ಮಾತನ್ನು ಕಿವಿಯಿಂದಲೇ ಒಪ್ಪಿಸಬೇಕೆಂದು ತಾತ ಹಟ ಹಿಡಿದರು. ಸಹಪಾಠಿಯೊಬ್ಬನ ಅಣ್ಣನ ಬಳಿ ಅಂಥದೇ ಆಂಪ್ಲಿಫೈಯರೂ 300 ಓಮಿನ ಹೆಡ್‌ಫೋನೂ ಇದ್ದವು. ಸಂಜೆ ಎರಡೂ ಮನೆಗೆ ಬಂದವು. ಕೇಳುವ ಕೆಲಸ ತಾಯಿಯ ಪಾಲಿಗೆ ಬಂತು. ಅವರು ಮದುವೆಗೆ ಮುಂಚೆ ಆರು ವರ್ಷ ವೀಣೆ ಕಲಿತವರು.

ಮೊದಲು ಮಗನ ಹೆಡ್‌ಫೋನ್. ಒಂದು ನಿಮಿಷ ಕೇಳಿ ಮುಖ ಗಂಟಿಕ್ಕಿದರು. “ಮೃದಂಗದ ಎಡಗಡೆ ಮಡಕೆ ಬಡಿದ ಹಾಗಿದೆಯಲ್ಲೋ. ಹಾಡುವವರು ಹಿಂದಿನ ಕೋಣೆಗೆ ಹೋಗಿಬಿಟ್ಟಿದ್ದಾರೆ.” ನಡುನಡುವೆ ಗುಂಯ್ ಎನ್ನುವ ಸದ್ದು ಬೇರೆ. ಕಡಿಮೆ ಓಮಿನ ಹೆಡ್‌ಫೋನುಗಳಲ್ಲಿ ಬಹಳಷ್ಟು ತೀರ ಸೂಕ್ಷ್ಮ. ಆಂಪ್ಲಿಫೈಯರಿನ ಒಳಗಿನ ಕರೆಂಟಿನ ಗೊರಲನ್ನೂ ಅವು ಬಿಡದೆ ಒಪ್ಪಿಸುತ್ತವೆ. ಆಮೇಲೆ 300 ಓಮಿನದು. ತಾಯಿ ಮಾತಾಡಲಿಲ್ಲ. ಹಾಡು ಮುಗಿಯುವವರೆಗೂ ತೆಗೆಯಲೂ ಇಲ್ಲ.

“ಹಾಗಾದರೆ 32 ಓಮಿಗೆ ವಾಲ್ವೇ ಇಲ್ಲವಾ ತಾತ?” ಹುಡುಗನ ದನಿ ಇಳಿದಿತ್ತು.

ಇಲ್ಲದೇನು? ದಾರಿ ಎರಡಿವೆ. ಹಳೆಯ ವಾಲ್ವ್ ರೇಡಿಯೋದ ಸ್ಪೀಕರು ಬರೀ ಮೂರು ನಾಲ್ಕು ಓಮಿನದು. ಅದನ್ನು ವಾಲ್ವಿನೊಂದಿಗೆ ಕೂಡಿಸುತ್ತಿದ್ದದ್ದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಸುತ್ತುಗಳ ಅನುಪಾತದ ವರ್ಗದಷ್ಟು ಇಂಪೆಡೆನ್ಸ್ ಬದಲಾಗುತ್ತದೆ. ಅನುಪಾತ 12.5 ಇದ್ದರೆ ಅದರ ವರ್ಗ 156.25. ಅದನ್ನು 32ರಿಂದ ಗುಣಿಸಿದರೆ ಸರಿಯಾಗಿ 5,000. ವಾಲ್ವಿನ ಕಣ್ಣಿಗೆ 32 ಓಮಿನ ಹೆಡ್‌ಫೋನ್ 5,000 ಓಮಿನದಾಗಿ ಕಾಣುತ್ತದೆ! ಹುಡುಗ ನೋಡಿದ್ದು ಈ ಟ್ರಾನ್ಸ್‌ಫಾರ್ಮರ್ ಇಲ್ಲದ, ಒಟಿಎಲ್ ಎಂದು ಕರೆಯುವ ಜಾತಿ. ಒಳ್ಳೆಯ ಟ್ರಾನ್ಸ್‌ಫಾರ್ಮರಿಗೆ ತಾಮ್ರ, ಕಬ್ಬಿಣ, ಕುಶಲದ ಕೈ ಎಲ್ಲವೂ ಬೇಕು. ಆದ್ದರಿಂದ ಅದು ದುಬಾರಿ. ಎರಡನೆಯ ದಾರಿ ಹೈಬ್ರಿಡ್. ಮುಂದೆ ವಾಲ್ವ್ ವೋಲ್ಟೇಜು ಬೆಳೆಸುತ್ತದೆ, ಹಿಂದೆ ಟ್ರಾನ್ಸಿಸ್ಟರು ಕರೆಂಟು ಒದಗಿಸುತ್ತದೆ. ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ವಾಲ್ವಿನ ಬುಡಕ್ಕೆ ಬಣ್ಣದ ಎಲ್‌ಇಡಿ ಇಟ್ಟು ಹೊಳೆಯಿಸುವುದುಂಟು. ಆ ಬೆಳಕಿಗೂ ಸದ್ದಿಗೂ ಸಂಬಂಧವಿಲ್ಲ.

ಕೊಳ್ಳುವವರು ನೆನಪಿಡಬೇಕಾದ ಸೂತ್ರ ಸುಲಭ. ಆಂಪ್ಲಿಫೈಯರಿನ ಹೊರದಾರಿಯ ಇಂಪೆಡೆನ್ಸ್, ಹೆಡ್‌ಫೋನಿನದರ ಎಂಟನೆಯ ಒಂದು ಭಾಗವನ್ನು ಮೀರಬಾರದು. 32ಕ್ಕೆ 4. ಆಗ ಗುಡ್ಡ 100ಕ್ಕೆ ಎದ್ದರೂ ಪಾಲು 89ರಿಂದ 96ಕ್ಕೆ ಏರುತ್ತದೆ, ಅಷ್ಟೆ. ತಟ್ಟೆಯಂಥ ತೆಳುಪೊರೆಯ ಪ್ಲೇನಾರ್ ಹೆಡ್‌ಫೋನುಗಳಲ್ಲಿ ಈ ಗುಡ್ಡವೇ ಇಲ್ಲವೆನ್ನಬಹುದು. ಆದರೆ ಅವುಗಳ ಕರೆಂಟಿನ ಹಸಿವು ದೊಡ್ಡದು. ತೀರ್ಮಾನಿಸುವ ಮುಂಚೆ ವಾಲ್ಯೂಮನ್ನು ವಾಡಿಕೆಯ ಜಾಗದಲ್ಲಿಟ್ಟು, ಹಾಡು ನಿಲ್ಲಿಸಿ, ಮೌನವನ್ನೂ ಒಂದು ನಿಮಿಷ ಕೇಳಬೇಕು. ಗುಂಯ್ ಸದ್ದು ಇದ್ದರೆ ಆಗ ಸಿಕ್ಕಿಬೀಳುತ್ತದೆ.

ಎರಡು ವಾರ ಹುಡುಕಿ ಹುಡುಗ ಹೈಬ್ರಿಡ್ ಒಂದನ್ನು ತಂದ. ಹೊರದಾರಿ 2 ಓಮ್, ಬೆಲೆ 11 ಸಾವಿರ. ಉಳಿದ 7 ಸಾವಿರವನ್ನು ಯಾರೂ ಕೇಳದೆಯೇ ತಾಯಿಯ ಕೈಗೆ ಕೊಟ್ಟ. ತಾತ ಎಡಗೈ ಹೆಬ್ಬೆರಳಿನ ಸುಟ್ಟ ಕಲೆ ತೋರಿಸಿ, ಯಾವ ವಾಲ್ವ್ ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯಕೂಡದೆಂದು ಮಾತು ತೆಗೆದುಕೊಂಡರು. ವಾಲ್ವುಗಳಿಗೆ 200, 300 ವೋಲ್ಟು ಕೊಡುವುದು ಸಾಮಾನ್ಯ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಅದು ಹೊಂಚು ಹಾಕಿ ಕೂತಿರುತ್ತದೆ.

ಅಂದು ಸಂಜೆ ಹೆಡ್‌ಫೋನನ್ನು ಮೊದಲು ತಾತನ ತಲೆಗೇ ಹಾಕಿದರು. ಹುಡುಗ ಉತ್ಸಾಹದಿಂದ ವಾಲ್ಯೂಮ್ ತಿರುಗಿಸಿದ.

“ಹೇಗಿದೆ ತಾತ? ತಂಬೂರಿಯ ಝೇಂಕಾರ ಕೇಳಿಸುತ್ತಾ?”

ತಾತ ನಕ್ಕರು. “ನನಗೆಲ್ಲಿ ಕೇಳಿಸುತ್ತೋ ಅದು. ಮೇಲಿನ ಸ್ವರಗಳು ಹೋಗಿ ಹದಿನೈದು ವರ್ಷವಾಯಿತು. ಲೆಕ್ಕ ನನ್ನದು, ಕಿವಿ ನಿನ್ನದು.”

ಅವರು ಹೆಡ್‌ಫೋನ್ ತೆಗೆದು, ವಾಲ್ಯೂಮ್ ಗುಬಟನ್ನು ಅರ್ಧಕ್ಕಿಂತ ಕೆಳಗಿಳಿಸಿ, ಮೊಮ್ಮಗನ ಕೈಗೆ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದ ಸದ್ದು ವಾರಕ್ಕೆ 40 ಗಂಟೆಯವರೆಗೆ ಸರಿ. 90 ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ಸೂಕ್ಷ್ಮವಾದ ಹೆಡ್‌ಫೋನಿಗೆ ಈ ಗೆರೆ ದಾಟಲು ಒಂದು ಮಿಲಿವಾಟಿಗಿಂತ ಕಡಿಮೆ ಸಾಕು. ಕಿವಿಯೊಳಗಿನ ರೋಮಕೋಶಗಳಿಗೆ ಬಿಇಎಲ್ ವಾಲ್ವಿನಂತೆ ಟ್ರಂಕಿನಲ್ಲಿ ಬದಲಿ ಇಟ್ಟುಕೊಳ್ಳಲಾಗುವುದಿಲ್ಲ. ಹೋದದ್ದು ಹೋದದ್ದೇ.

ಹೊರಗೆ ಕತ್ತಲಾಗಿತ್ತು. ತಾತ ಕಿಟಕಿಯ ಕಡೆ ತಿರುಗಿ ಕೇಳಿದರು: “ಜೀರುಂಡೆ ಕೂಗುತ್ತಿದೆಯೇನೋ?”

“ಹೂಂ ತಾತ, ಜೋರಾಗಿಯೇ.”

“ನನ್ನ ವಯಸ್ಸಿನಲ್ಲೂ ಅದು ನಿನಗೆ ಕೇಳಿಸಬೇಕು. ಆ ಗುಬಟನ್ನು ಅಲ್ಲೇ ಇಟ್ಟುಕೋ.”